ಬಿಡಾರ ಬದಲಿಸುವಾಗ

ಮನೆ ಬದಲಿಸುವ ಕಷ್ಟಸುಖವನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಟ್ಟಿದ ಮನೆಯಿಂದ ಸೇರಿದ ಮನೆಗೆ, ಅಲ್ಲಿಂದ ಗಂಡನಿಗೋ ನಮಗೋ ವರ್ಗವಾದ ಊರುಗಳಿಗೆ, ಕೊನೆಗೊಂದು ದಿನ ಮಗನದೋ ಮಗಳದೋ ಮನೆಯ ಹಿಂಬದಿಯ ಕೋಣೆಗೆ – ಹೀಗೆ ಗಂಟು ಕಟ್ಟುವುದು, ಗಂಟು ಬಿಚ್ಚುವುದು ಎರಡರಲ್ಲೇ ನಮ್ಮ ಆಯುಷ್ಯದ ಬಹುಪಾಲು ಸವೆಯುತ್ತದೆ. ಪಾತ್ರೆ ಪಡಗ ಎಣಿಸಿಕೊಳ್ಳುತ್ತೇವೆ, ಹಾಸಿಗೆ ಸುತ್ತುತ್ತೇವೆ, ದೇವರ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕೂರುತ್ತೇವೆ. ಆದರೆ ಒಂದು ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಅಲ್ಲಿಂದ ಹೊರಟವಳೇ ಇಲ್ಲಿಗೆ ಬಂದು ಮುಟ್ಟಿದಳೇ? ಸಾಮಾನೆಲ್ಲ ಬಂತು, ಅವಳು ಬಂದಳೇ?

ಈ ಪ್ರಶ್ನೆಯನ್ನು ನಾನು ನಿಂತು ಯೋಚಿಸುವಂತೆ ಮಾಡಿದ್ದು ಒಂದು ಲ್ಯಾಪ್‌ಟಾಪ್ ಎಂದರೆ ನೀವು ನಗಬಹುದು. ನಗಿ, ಚಿಂತೆಯಿಲ್ಲ. ಸಮಾಜ ವಿಜ್ಞಾನ ಪಾಠ ಮಾಡುವ ಹೆಂಗಸಿಗೆ ಯಂತ್ರದ ಹೊಟ್ಟೆಯೊಳಗಿನ ತತ್ತ್ವಶಾಸ್ತ್ರವೇಕೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೂ ನಕ್ಕರು.

ನಮ್ಮ ಮನೆಯ ಲ್ಯಾಪ್‌ಟಾಪ್ 2016ರಲ್ಲಿ ಕೊಂಡದ್ದು. ಏಳು ವರ್ಷ ದುಡಿದ ಮೇಲೆ ಅದಕ್ಕೆ ಬೆಳಗಿನ ಏಳುವಿಕೆಯೇ ಕಷ್ಟವಾಯಿತು. ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. ಹೊಸದು ಕೊಂಡುಬಿಡು ಎಂದು ಮಗಳು. ನಮ್ಮೂರಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಬಿಚ್ಚಿ ನೋಡಿ, “ಮೈ ಗಟ್ಟಿಯಾಗಿದೆ ಟೀಚರ್, ಡಿಸ್ಕ್ ಮಾತ್ರ ಸೋತಿದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋಣ. ಒಳಗಿರುವ ವಿಂಡೋಸು, ಫೈಲುಗಳು, ಎಲ್ಲ ಸಂಸಾರವನ್ನೂ ಅದಕ್ಕೆ ಸಾಗಿಸೋಣ” ಎಂದ. 2023ರ ದಸರಾ ರಜೆಯಲ್ಲಿ ಆ ಕೆಲಸವಾಯಿತು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನಾನು ಪ್ರಶ್ನೆ ಕೇಳುತ್ತಿದ್ದೆ, ಅವನು ಉತ್ತರ ಹೇಳುತ್ತಿದ್ದ. ಒಂದು ಕಾಲದಲ್ಲಿ ಇದು ಉಲ್ಟಾ ಇತ್ತು.

ಹಾರ್ಡ್ ಡಿಸ್ಕ್ ಎಂದರೆ ಏನೆಂದು ಅರಿಯದವರಿಗಾಗಿ ಎರಡು ಮಾತು. ಗ್ರಾಮಫೋನ್ ತಟ್ಟೆ ನೆನಪಿದೆಯಲ್ಲ? ಹೆಚ್ಚುಕಡಿಮೆ ಅದೇ ಸಂಸಾರ. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಆಚೆ ಈಚೆ ಓಡಾಡುವ ಒಂದು ಸಣ್ಣ ತೋಳು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ. ಇದರ ತುದಿ ಮಾತ್ರ ಮುಟ್ಟದೆ, ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತ ಕಾಂತದ ಗುರುತುಗಳನ್ನು ಓದುತ್ತದೆ. ನಮ್ಮದು ನಿಮಿಷಕ್ಕೆ 5400 ಸುತ್ತು ತಿರುಗುವ ಜಾತಿ, ಅಂದರೆ ಸೆಕೆಂಡಿಗೆ 90 ಸುತ್ತು. ಏಳು ವರ್ಷ ಹಾಗೆ ತಿರುಗಿದೆ ಪಾಪ! ಈ ಜಾತಿಯ ಮೊದಲ ಯಂತ್ರವನ್ನು ಐಬಿಎಂ ಕಂಪನಿ 1956ರಲ್ಲಿ ತಂದಿತಂತೆ. ಎರಡು ಅಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಹೆಚ್ಚಿನ ಭಾರ, ಅಷ್ಟಕ್ಕೂ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದು ನಮ್ಮ ಫೋನಿನಲ್ಲಿ ತೆಗೆದ ಮೊಮ್ಮಗುವಿನ ಒಂದೆರಡು ಫೋಟೋಗಳಿಗೂ ಅದು ಸಾಲದು.

ಕಂಪ್ಯೂಟರ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಓದಿಕೊಳ್ಳಬೇಕು. ಅವು ತಟ್ಟೆಯ ಮೂಲೆ ಮೂಲೆಯಲ್ಲಿ ಚದುರಿ ಬಿದ್ದಿರುತ್ತವೆ. ಒಂದೊಂದಕ್ಕೂ ತೋಳು ಸರಿಯಬೇಕು, ಬೇಕಾದ ಜಾಗ ತಿರುಗಿ ಕೆಳಗೆ ಬರುವತನಕ ಕಾಯಬೇಕು. ಪ್ರತಿ ಸಲವೂ ಸೆಕೆಂಡಿನ ನೂರನೆಯ ಒಂದು ಪಾಲು, ಒಂದೂವರೆ ಪಾಲು. ಲೆಕ್ಕ ಹಾಕಿ ನೋಡಿ, ನಮ್ಮ ಕಾಫಿ ಅಲ್ಲಿಯೇ ಆರಿಹೋದದ್ದು. ಹೊಸ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ತೊಷಿಬಾ ಕಂಪನಿಯ ಎಂಜಿನಿಯರ್ ಫುಜಿಯೋ ಮಸುಒಕಾ ಎಂಬವರು 1984ರಲ್ಲಿ ಜಗತ್ತಿನ ಮುಂದಿಟ್ಟ ಫ್ಲ್ಯಾಶ್ ಮೆಮೊರಿಯ ಮಕ್ಕಳು ಇವು. ಸುತ್ತ ಗೋಡೆ ಕಟ್ಟಿದ ಲೆಕ್ಕವಿಲ್ಲದಷ್ಟು ಪುಟ್ಟ ಕೋಣೆಗಳು. ಕೋಣೆಯಲ್ಲಿ ಎಷ್ಟು ವಿದ್ಯುತ್ ಕಣಗಳು ಸಿಕ್ಕಿಕೊಂಡಿವೆ ಎಂಬುದೇ ಬರಹ. ಯಾವ ಕೋಣೆಯ ಬಾಗಿಲು ತಟ್ಟಿದರೂ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನ ಸುಮಾರಿಗೆ ಉತ್ತರ ಬರುತ್ತದೆ. ಹಳೆಯದು ಗಾತ್ರದಲ್ಲಿ ನಮ್ಮ ಕೈಚೀಲದ ಪರ್ಸಿನಷ್ಟಿತ್ತು, ಹೊಸದೂ ಅಷ್ಟೇ ಇತ್ತು. ಅದೇ ಗೂಡಿನಲ್ಲಿ ಅದೇ ಕೊಂಡಿಗೆ ಸಿಕ್ಕಿಸಬಹುದಾಗಿತ್ತು.

ಇಲ್ಲಿ ನನ್ನ ಶಿಷ್ಯ ಒಂದು ಪ್ರಶ್ನೆ ಕೇಳಿದ. “ಎರಡು ದಾರಿ ಇವೆ ಟೀಚರ್. ಇದ್ದದ್ದನ್ನು ಇದ್ದಹಾಗೇ ನಕಲು ಮಾಡಿ ಸಾಗಿಸುವುದು ಒಂದು, ಅದಕ್ಕೆ ಕ್ಲೋನ್ ಅಂತಾರೆ. ಇಲ್ಲ, ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿ, ಬೇಕಾದ ಫೈಲುಗಳನ್ನಷ್ಟೇ ತಂದುಕೊಳ್ಳುವುದು ಇನ್ನೊಂದು. ಎರಡನೆಯದು ಕ್ಲೀನ್. ಏಳು ವರ್ಷದ ಕಸ ಎಲ್ಲ ಹೋಗುತ್ತೆ.”

ಕಸ! ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಾವುದು ಕಸ ಎಂದು ಹೇಳುವವರು ಯಾರು? ಅವನ ಕಣ್ಣಿಗೆ ಕಸವಾಗಿ ಕಂಡ ಒಂದು ಫೋಲ್ಡರಿನಲ್ಲಿ ನಮ್ಮ ಶಾಲೆಯ 20 ವರ್ಷಗಳ ಪ್ರಶ್ನೆಪತ್ರಿಕೆಗಳಿದ್ದವು. ಇನ್ನೊಂದರಲ್ಲಿ ನಮ್ಮ ತಾಯಿ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಹಾಡುಗಳ ಧ್ವನಿಮುದ್ರಣವಿತ್ತು. ಫೈಲಿಗೆ ಹೆಸರೇ ಇರಲಿಲ್ಲ, ಬರೀ ಅಂಕಿಗಳು. ಹೊರಗಿನಿಂದ ನೋಡಿದವರಿಗೆ ಅದು ಏನಾಗಿ ಕಾಣಬೇಕು ಹೇಳಿ? ಆ ಹುಡುಗನನ್ನು ನಾನು ದೂರುವುದಿಲ್ಲ. ಅವನು ಕೇಳಿಯಾದರೂ ಕೇಳಿದ. ಕೇಳದೆಯೇ ಕ್ಲೀನ್ ಮಾಡುವವರು ಲೋಕದಲ್ಲಿ ಎಷ್ಟಿಲ್ಲ! ನಾನು ಇದ್ದದ್ದು ಇದ್ದಹಾಗೇ ಬರಲಿ ಎಂದೆ. ಹಳೆಯ ಡಿಸ್ಕಿನ 500 ಜಿಬಿ ಜಾಗದಲ್ಲಿ ತುಂಬಿದ್ದುದು 180 ಜಿಬಿ ಮಾತ್ರ. ಹೊಸದು 240 ಜಿಬಿಯದಾದರೂ ಹಿಡಿಸಿತು. ಖಾಲಿ ಜಾಗವನ್ನು ಸಾಗಿಸಬೇಕಾಗಿಲ್ಲ ನೋಡಿ.

ಸಾಗಿಸುವುದು ಎಂದೆ. ನಿಜವಾಗಿ ಆ ಪದವೇ ತಪ್ಪು. ನಾವು ಮೇಷ್ಟರುಗಳಿಗೆ ವರ್ಗಾವಣೆ ಎಂದರೆ ಗೊತ್ತು. ಒಂದು ಶಾಲೆಯ ಕುರ್ಚಿ ಖಾಲಿಯಾಗುತ್ತದೆ, ಇನ್ನೊಂದರದು ತುಂಬುತ್ತದೆ. ಕಂಪ್ಯೂಟರಿನಲ್ಲಿ ಹಾಗೆ ಏನೂ ಎದ್ದುಹೋಗುವುದಿಲ್ಲ. ಹಳೆಯ ಡಿಸ್ಕಿನಲ್ಲಿದ್ದುದು ಅಲ್ಲಿಯೇ ಇರುತ್ತದೆ. ಅದನ್ನು ಓದಿ, ಅದರಂತೆಯೇ ಹೊಸದರಲ್ಲಿ ಬರೆಯಲಾಗುತ್ತದೆ. ಎರಡು ತಾಸಿನ ಕೊನೆಗೆ ಒಂದರ ಬದಲು ಎರಡು ಇರುತ್ತವೆ.

ಈ ಸಂಗತಿಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಯೋಚಿಸಿದವರಿದ್ದಾರೆ. ಗ್ರೀಕ್ ದೊರೆ ಮಿಲಿಂದನಿಗೂ ಬೌದ್ಧಭಿಕ್ಷು ನಾಗಸೇನನಿಗೂ ನಡೆದ ಸಂವಾದವನ್ನು ನಾವು ಓದಿದ್ದೇವೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳಿ, ರಥವೆಂಬುದು ಇವೆಲ್ಲ ಕೂಡಿದ್ದಕ್ಕೆ ಇಟ್ಟ ಹೆಸರು ಎಂದು ಭಿಕ್ಷು ತೋರಿಸಿಕೊಡುತ್ತಾನೆ. ಅದೇ ಸಂವಾದದಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಏನೂ ದಾಟಿಹೋಗದೆ ಮರುಹುಟ್ಟು ಹೇಗೆ ಸಾಧ್ಯ ಎಂದು ದೊರೆ ಕೇಳುತ್ತಾನೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಂತೆ ಎನ್ನುತ್ತಾನೆ ನಾಗಸೇನ. ಜೊತೆಗೆ, ಬಾಲ್ಯದಲ್ಲಿ ಗುರುವಿನಿಂದ ಪದ್ಯ ಕಲಿತೆಯಲ್ಲ, ಆ ಪದ್ಯ ಗುರುವನ್ನು ಬಿಟ್ಟು ನಿನ್ನ ಬಳಿಗೆ ಬಂತೇ ಎಂದೂ ಕೇಳುತ್ತಾನೆ. 30 ವರ್ಷ ಪಾಠ ಮಾಡಿದ ನನಗೆ ಈ ಎರಡನೆಯ ಉದಾಹರಣೆ ಬಹಳ ಹತ್ತಿರದ್ದು. ಕೊಟ್ಟೂ ಕಳೆದುಕೊಳ್ಳದ ಒಂದೇ ಆಸ್ತಿ ನಮ್ಮದು.

ಆದರೆ ಕೊಟ್ಟೂ ಉಳಿಯುವುದರಲ್ಲಿ ಒಂದು ತೊಡಕಿದೆ. ಅಥೆನ್ಸಿನ ಜನ ತಮ್ಮ ವೀರ ಥೀಸಿಯಸ್‌ನ ಹಡಗನ್ನು ಕಾಪಾಡಿಕೊಂಡು ಬಂದರಂತೆ. ಕೊಳೆತ ಹಲಗೆ ತೆಗೆದು ಹೊಸದು ಹೊಡೆಯುತ್ತ ಹೋದರು. ಹಲಗೆಗಳೆಲ್ಲ ಬದಲಾದ ಮೇಲೆ ಅದು ಅದೇ ಹಡಗೇ ಎಂದು ಅಲ್ಲಿಯ ಪಂಡಿತರು ವಾದಿಸುತ್ತಿದ್ದುದನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಅದಕ್ಕೊಂದು ಗಂಟು ಹಾಕಿದ. ತೆಗೆದ ಹಳೆಯ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಮತ್ತೆ ಹಡಗು ಕಟ್ಟಿದರೆ ಯಾವುದು ಥೀಸಿಯಸ್‌ನದು? ಅವನ ಪ್ರಶ್ನೆ ನಮ್ಮ ಟೇಬಲಿನ ಮೇಲೆಯೇ ಇತ್ತು, ಎರಡು ಡಿಸ್ಕುಗಳ ರೂಪದಲ್ಲಿ. ತತ್ತ್ವಜ್ಞಾನಿಗಳು ಇನ್ನೂ ವಾದಿಸುತ್ತಿರಬಹುದು, ವಿಂಡೋಸ್‌ಗೆ ಅಷ್ಟು ಪುರುಸೊತ್ತಿಲ್ಲ. ಎರಡು ಡಿಸ್ಕುಗಳ ಒಳಗುರುತಿನ ಸಂಖ್ಯೆ ಒಂದೇ ಆಗಿದ್ದು, ಎರಡನ್ನೂ ಒಟ್ಟಿಗೆ ಜೋಡಿಸಿದರೆ ಅದು ಒಂದನ್ನು ಆಫ್‌ಲೈನ್ ಎಂದು ಬದಿಗಿಡುತ್ತದೆ. ಒಂದೇ ಹೆಸರಿನಲ್ಲಿ ಇಬ್ಬರು ಒಂದೇ ಮನೆಯಲ್ಲಿ ಎದ್ದು ಓಡಾಡುವಂತಿಲ್ಲ.

ಹಾಗಾದರೆ ಅದು ‘ಅದೇ’ ಎಂದು ಹೇಳುವ ಗುರುತು ಎಲ್ಲಿದೆ? ಜಾನ್ ಲಾಕ್ ಎಂಬ ಇನ್ನೊಬ್ಬ ಇಂಗ್ಲಿಷ್ ತತ್ತ್ವಜ್ಞಾನಿ 1694ರಲ್ಲಿ ಒಂದು ಚಿತ್ರ ಕೊಟ್ಟ. ರಾಜಕುಮಾರನ ಆತ್ಮ ತನ್ನ ನೆನಪುಗಳ ಸಮೇತ ಒಬ್ಬ ಚಮ್ಮಾರನ ದೇಹ ಸೇರಿದರೆ, ಅವನು ರಾಜಕುಮಾರನೇ ಎಂದ. ನೆನಪು ಹೋದಲ್ಲಿ ವ್ಯಕ್ತಿ ಹೋಗುತ್ತಾನೆ ಎಂಬುದು ಅವನ ಮಾತಿನ ತಾತ್ಪರ್ಯ. ಲಾಕನ ಪ್ರಕಾರ ನಮ್ಮ ಲ್ಯಾಪ್‌ಟಾಪಿನ ಜೀವ ಡಿಸ್ಕಿನಲ್ಲಿದೆ. ಆದರೆ ವಿಂಡೋಸ್ ಮಾಡಿದ ಕಂಪನಿಯ ಮತ ಬೇರೆ. ವಿಂಡೋಸ್ 10ರ ಪರವಾನಗಿ ಮುಖ್ಯವಾಗಿ ಅಂಟಿಕೊಂಡಿರುವುದು ಮದರ್‌ಬೋರ್ಡಿಗೆ. ಡಿಸ್ಕ್ ಬದಲಿಸಿದರೆ ಅದು ಏನೂ ಕೇಳುವುದಿಲ್ಲ. ಮದರ್‌ಬೋರ್ಡ್ ಬದಲಿಸಿದರೆ ಮಾತ್ರ “ನೀನು ಯಾರು?” ಎಂದು ಕೇಳುವ ಸಂಭವವಿದೆ. ತಾಯಿಹಲಗೆ! ಹೆಸರಿಟ್ಟವರು ಏನು ಯೋಚಿಸಿ ಇಟ್ಟರೋ, ನನಗಂತೂ ಆ ಪದ ಕೇಳಿ ಒಳಗೊಳಗೇ ಸಂತೋಷವಾಯಿತು. ಹೀಗೆ ಒಬ್ಬರಿಗೆ ನೆನಪು ಗುರುತು, ಇನ್ನೊಬ್ಬರಿಗೆ ತಾಯಿಬೇರು ಗುರುತು. ಎರಡೂ ಅರ್ಧ ಸತ್ಯವೇ ಎಂದು ಮುಂದಿನ ಅರ್ಧ ಗಂಟೆಯಲ್ಲಿ ನನಗೆ ತೋರಿತು.

ನಕಲು ಮುಗಿದು ಹೊಸ ಡಿಸ್ಕನ್ನು ಗೂಡಿಗೆ ಕೂರಿಸಿ ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ನಿಂತಿತು. ಶುರುಮಾಡಲು ಯಾವ ಡಿಸ್ಕೂ ಕಾಣಿಸುತ್ತಿಲ್ಲ ಎಂದು ಒಂದು ಸಾಲು ಬಂತು. ಎಲ್ಲವೂ ಇದೆ, 180 ಜಿಬಿಯೂ ಇದೆ, ಒಂದಕ್ಷರ ಕಳೆದಿಲ್ಲ. ಆದರೆ ಯಂತ್ರ ಎಚ್ಚರಾದಾಗ ಮೊದಲು ಯಾರನ್ನು ಕರೆಯಬೇಕೆಂಬ ಪಟ್ಟಿ ಒಂದಿರುತ್ತದೆ, ಆ ಪಟ್ಟಿಯಲ್ಲಿ ಈ ಹೊಸಬನ ಹೆಸರಿಲ್ಲ. ಹುಡುಗ ಬಯಾಸ್ ಎಂಬ ಒಳಕೋಣೆಗೆ ಹೋಗಿ ಹೆಸರು ಸೇರಿಸಿದ. ಇಪ್ಪತ್ತು ಸೆಕೆಂಡಿನಲ್ಲಿ ನನ್ನ ಹಳೆಯ ಪರದೆ, ಅದೇ ತುಂಗಾ ತೀರದ ಚಿತ್ರ, ಅದೇ ಜಾಗದಲ್ಲಿ ಅದೇ ಫೋಲ್ಡರುಗಳು ಎದ್ದು ನಿಂತವು. ಒಳಗೆ ಎಲ್ಲವೂ ಇದ್ದರೂ ಕರೆಯುವವರಿಲ್ಲದಿದ್ದರೆ ಕತ್ತಲೆಯೇ.

ನೆನಪು ಪೂರ್ತಿ ಇದ್ದೂ ಅರ್ಥವಾಗದೆ ಹೋಗುವ ಇನ್ನೊಂದು ಬಗೆಯನ್ನು ಕನ್ನಡದವರು ಚೆನ್ನಾಗಿ ಬಲ್ಲರು. ನನ್ನ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಲ್ಲಿ ಟೈಪ್ ಮಾಡಿದವು. ಆ ಕಾಲದ ನುಡಿ ಅಕ್ಷರಗಳು ಇಂಗ್ಲಿಷ್ ಮುಂತಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಬಾಡಿಗೆಗೆ ಕೂತಿದ್ದವು. ನುಡಿಯ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಚಂದದ ಕನ್ನಡ. ಫಾಂಟ್ ಇಲ್ಲದ ಕಡೆ ಅದೇ ಫೈಲು ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡ ನಮ್ಮ ಸಹೋದ್ಯೋಗಿಯೊಬ್ಬರು ತಮ್ಮ ಫೈಲುಗಳನ್ನೆಲ್ಲ ಜೋಪಾನವಾಗಿ ತಂದುಕೊಂಡಿದ್ದರು. ತೆರೆದರೆ ಒಂದೂ ಓದಲು ಬರಲಿಲ್ಲ. ಎಲ್ಲ ಹಾಳಾಯಿತೆಂದು ಅವರು ಕಣ್ಣೀರು ಹಾಕಿದರು. ಏನೂ ಹಾಳಾಗಿರಲಿಲ್ಲ. ಓದುವ ಕಣ್ಣು ಆ ಮನೆಯಲ್ಲಿರಲಿಲ್ಲ, ಅಷ್ಟೇ. ನುಡಿ ಹಾಕಿದ ಮೇಲೆ ಪ್ರತಿ ಅಕ್ಷರವೂ ಮರಳಿತು. ಈಗ ಯೂನಿಕೋಡ್ ಬಂದು ಕನ್ನಡಕ್ಕೆ ಸ್ವಂತ ಸ್ಥಾನಗಳು ದೊರಕಿ ಈ ತೊಂದರೆ ತಗ್ಗಿದೆ. ಹಳೆಯ ಫೈಲುಗಳ ಪಾಡು ಮಾತ್ರ ಹಾಗೆಯೇ ಇದೆ.

ಇಷ್ಟು ಹೇಳಿದ ಮೇಲೆ ನಾನು ಯಂತ್ರದ ಮಾತು ಬಿಟ್ಟು ಮನೆಯ ಮಾತಿಗೆ ಬರುವುದನ್ನು ನೀವು ನಿರೀಕ್ಷಿಸಿರುತ್ತೀರಿ. ಮದುವೆಯಾಗಿ ಹೋಗುವ ಹುಡುಗಿಗೆ ನಾವು ಹಿರಿಯರು ಹೇಳುತ್ತಿದ್ದ ಬುದ್ಧಿ ಯಾವುದು? ತವರಿನದನ್ನೆಲ್ಲ ಅಲ್ಲೇ ಬಿಟ್ಟು ಹೋಗು, ಆ ಮನೆಯ ರೀತಿಗೆ ಹೊಂದಿಕೋ ಎಂದು. ಕೆಲವು ಮನೆಗಳಲ್ಲಿ ಹೆಸರನ್ನೂ ಬದಲಿಸುತ್ತಿದ್ದರು, ಅಕ್ಕಿಯ ಮೇಲೆ ಉಂಗುರದಲ್ಲಿ ಹೊಸ ಹೆಸರು ಬರೆಸುತ್ತಿದ್ದರು. ಕ್ಲೀನ್ ಎಂದರೆ ಅದೇ. ಅವಳ ಸಾರಿನ ಪುಡಿಯ ಹದ, ಅವಳ ಊರಿನ ಮಾತಿನ ಧಾಟಿ, ಅವಳು ಕಲಿತ ಸಂಗೀತ ಯಾವುದು ಕಸ, ಯಾವುದು ಬೇಕಾದದ್ದು ಎಂದು ತೀರ್ಮಾನಿಸುವ ಹಕ್ಕು ಕೊನೆಗೂ ಅವಳ ಕೈಗೆ ಬರುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಬದಲಾಗಿದೆ, ನಿಜ. ಆದರೆ ಅದೇ ಮಾತನ್ನು ಈಗ ವಯಸ್ಸಾದ ತಾಯಂದಿರಿಗೆ ಹೇಳುತ್ತಿದ್ದೇವೆ.

ನಮ್ಮ ತಾಯಿ 2019ರಲ್ಲಿ ಮಲೆನಾಡಿನ ಹಳ್ಳಿಯ ಮನೆ ಬಿಟ್ಟು ನಮ್ಮಲ್ಲಿಗೆ ಬಂದರು. ಆಗ ಅವರಿಗೆ 78 ವರ್ಷ. ಅಣ್ಣ ಪ್ರೀತಿಯಿಂದಲೇ ಹೇಳಿದ, “ಅಮ್ಮ, ಬಟ್ಟೆಬರೆ ಬಿಟ್ಟು ಇನ್ನೇನೂ ಬೇಡ, ಅಲ್ಲಿ ಎಲ್ಲ ಇದೆ.” ಎಲ್ಲ ಇತ್ತು, ಸುಳ್ಳಲ್ಲ. ನಾನು ಎರಡು ದಿನ ರಜೆ ಹಾಕಿ ಹೋಗಿ, ಅಮ್ಮನ ಜೊತೆ ಜಗಲಿಯಲ್ಲಿ ಕೂತು, ಏನು ಬರಬೇಕು ಏನು ಬೇಡ ಎಂದು ಅವರನ್ನೇ ಕೇಳಿದೆ. ಆಶ್ಚರ್ಯವೆಂದರೆ ಅವರೇ ಬೇಕಾದಷ್ಟನ್ನು ಬಿಟ್ಟರು. ಹಿತ್ತಾಳೆಯ ಕೊಳಗ ಬೇಡವೆಂದರು, ನಾನು ಕಣ್ಣಿಟ್ಟಿದ್ದ ಬೀಟೆ ಮರದ ಪೆಟ್ಟಿಗೆಯನ್ನೂ ಬೇಡವೆಂದರು. ಬೇಕೆಂದದ್ದು ಸವೆದ ಒಂದು ಈಳಿಗೆಮಣೆ, ತರಕಾರಿ ಬೀಜ ಕಟ್ಟಿಟ್ಟ ಒಂದು ಬಟ್ಟೆಗಂಟು. ನನ್ನ ಕೈಗೆ ಆರಿಸಲು ಕೊಟ್ಟಿದ್ದರೆ ಈ ಎರಡೂ ಹಿತ್ತಿಲಲ್ಲೇ ಉಳಿಯುತ್ತಿದ್ದವು.

ಬಂದ ಮೊದಲ ತಿಂಗಳು ಅಮ್ಮ ಸುಮ್ಮನೆ ಕೂತಿರುತ್ತಿದ್ದರು. ಮರೆವಿರಲಿಲ್ಲ, ಕಾಯಿಲೆಯಿರಲಿಲ್ಲ. ಕರೆಯುವವರಿರಲಿಲ್ಲ. ನಮ್ಮದು ನಿಂತು ಅಡುಗೆ ಮಾಡುವ ಕಟ್ಟೆ, ಅವರದು ಕೂತು ಹೆಚ್ಚುವ ಕೈ. ಈಳಿಗೆಮಣೆಗೆ ಅಡುಗೆಮನೆಯ ಮೂಲೆಯಲ್ಲಿ ಜಾಗ ಮಾಡಿದ ದಿನದಿಂದ ಪಲ್ಯದ ಹೋಳು ಮತ್ತೆ ಒಂದೇ ಅಳತೆಯಲ್ಲಿ ಬೀಳತೊಡಗಿದವು. ಬೇಸಿಗೆಯಲ್ಲಿ ಪಕ್ಕದ ಮನೆಯವರು ಹಲಸಿನ ಹಣ್ಣು ತಂದು, ಮೇಣ ಅಂಟದಂತೆ ಬಿಡಿಸುವುದು ಹೇಗೆ ತಿಳಿಯದೆ ಒದ್ದಾಡುತ್ತಿದ್ದಾಗ ಅಮ್ಮ ಕೈಗೆ ಎಣ್ಣೆ ಸವರಿಕೊಂಡು ಕೂತರು. ಆಮೇಲೆ ಆ ಬೀದಿಯಲ್ಲಿ ಹಲಸು ಬಂದರೆ “ಅಜ್ಜಿ ಇದ್ದಾರಾ?” ಎಂದು ನಮ್ಮ ಬಾಗಿಲಿಗೆ ಕೂಗು ಬೀಳುತ್ತಿತ್ತು. ಅಮ್ಮ ನಮ್ಮ ಮನೆಗೆ ಬಂದು ಸೇರಿದ್ದು ಲಾರಿ ಬಂದ ದಿನವಲ್ಲ, ಆ ಕೂಗು ಬಿದ್ದ ದಿನ ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಎಲ್ಲ ಹೊಣೆಯೂ ಬರಮಾಡಿಕೊಳ್ಳುವವರದೇ ಎಂದರೆ ಅದೂ ಅನ್ಯಾಯವಾದೀತು. ಹಳೆಯ ಡಿಸ್ಕಿನಲ್ಲಿ ಚದುರಿದ ಚೂರುಗಳನ್ನು ಆಗಾಗ ಒಟ್ಟುಗೂಡಿಸಿ ಜೋಡಿಸುವುದು ಒಳ್ಳೆಯ ಅಭ್ಯಾಸ, ತೋಳಿನ ಓಡಾಟ ಉಳಿಯುತ್ತದೆ. ಎಸ್‌ಎಸ್‌ಡಿಗೆ ಅದರಿಂದ ಲಾಭವಿಲ್ಲ, ಸುಮ್ಮನೆ ಸವೆತ. ಅದರ ಕೋಣೆಗಳು ಇಂತಿಷ್ಟು ಸಲ ಅಳಿಸಿ ಬರೆಯುವುದನ್ನು ಮಾತ್ರ ತಾಳಬಲ್ಲವು. ವಿಂಡೋಸ್ ತನ್ನ ಹೊಸ ಬಿಡಾರ ಯಾವ ಜಾತಿಯದೆಂದು ಗುರುತಿಸಿ, ಆ ಜೋಡಿಸುವ ಚಾಳಿ ಬಿಟ್ಟು, ಯಾವ ಕೋಣೆಗಳು ಖಾಲಿ ಎಂದು ತಿಳಿಸುವ ಬೇರೆ ಚಾಳಿ ಹಿಡಿಯುತ್ತದೆ. ಬಂದವರೂ ಅಷ್ಟು ಕಣ್ಣು ತೆರೆದಿರಬೇಕು. ಅಲ್ಲಿ ಗುಣವಾಗಿದ್ದುದು ಇಲ್ಲಿ ಹಾನಿಯಾಗಬಹುದು.

ಸಾಗಿಸುವವರ ಧರ್ಮವೊಂದಿದೆ. ಪುರಿಯ ಜಗನ್ನಾಥನ ಮರದ ಮೂರ್ತಿಗಳನ್ನು ಅಧಿಕ ಆಷಾಢ ಬಂದ ವರ್ಷಗಳಲ್ಲಿ ಬದಲಿಸುತ್ತಾರೆ. ಅದಕ್ಕೆ ನವಕಳೇಬರ ಎಂದು ಹೆಸರು, 1996ರಲ್ಲಿ ನಡೆದದ್ದು ಮತ್ತೆ ನಡೆದದ್ದು 2015ರಲ್ಲಿ. ಹಳೆಯ ಮೂರ್ತಿಯ ಒಳಗಿರುವ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಇಡುವ ದೈತಾಪತಿಗಳು ಆಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಕೈಗೂ ಬಟ್ಟೆ ಸುತ್ತಿಕೊಂಡಿರುತ್ತಾರೆ. ಸಾಗಿಸುವ ಅಧಿಕಾರ ಅವರದು, ನೋಡುವ ಅಧಿಕಾರ ಅವರಿಗೂ ಇಲ್ಲ. ಲ್ಯಾಪ್‌ಟಾಪನ್ನೋ ಫೋನನ್ನೋ ರಿಪೇರಿಗೆ ಕೊಟ್ಟು ಬರುವಾಗ ನಮ್ಮ ಹೆಣ್ಣುಮಕ್ಕಳ ಎದೆಯಲ್ಲಿ ಏಳುವ ಅಳುಕು ನೆನೆಸಿಕೊಂಡರೆ ಈ ಕಣ್ಣುಪಟ್ಟಿಯ ಅರ್ಥವಾಗುತ್ತದೆ. ಫೋಟೋಗಳು, ಪತ್ರಗಳು, ಬ್ಯಾಂಕಿನ ಕಾಗದಗಳು ಎಲ್ಲ ಅದರಲ್ಲಿ. ನಕಲು ಮಾಡುವುದಕ್ಕೆ ಫೈಲು ತೆರೆದು ನೋಡಬೇಕಾದ ಅಗತ್ಯವೇ ಇಲ್ಲ ಎಂಬುದು ಎಲ್ಲ ಸೋದರಿಯರಿಗೂ ತಿಳಿದಿರಲಿ. ಸಾಧ್ಯವಾದರೆ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತುಬಿಡಿ. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಪುರಿಯವರು ಹಳೆಯ ಮೂರ್ತಿಗಳನ್ನು ಎಸೆಯುವುದಿಲ್ಲ. ದೇವಾಲಯದ ಆವರಣದಲ್ಲೇ ಕೋಯಿಲಿ ವೈಕುಂಠವೆಂಬ ಜಾಗದಲ್ಲಿ ಹೂಳಿ, ಮನೆಯವರೇ ತೀರಿಕೊಂಡಂತೆ ಸೂತಕ ಆಚರಿಸುತ್ತಾರೆ. ಹಳೆಯದರ ವಿಷಯದಲ್ಲಿ ನಮ್ಮ ಶಂಕರಾಚಾರ್ಯರ ಕಥೆ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಉಭಯಭಾರತಿಯ ಪ್ರಶ್ನೆಗೆ ಉತ್ತರ ಹುಡುಕಲು ಅವರು ಸತ್ತ ರಾಜ ಅಮರುಕನ ದೇಹವನ್ನು ಹೊಕ್ಕಾಗ ತಮ್ಮ ದೇಹವನ್ನು ಗುಹೆಯಲ್ಲಿಟ್ಟು ಕಾಯಲು ಶಿಷ್ಯರನ್ನು ಬಿಟ್ಟಿದ್ದರಂತೆ. ರಾಜನ ಹೊಸ ಜಾಣತನ ಕಂಡು ಮಂತ್ರಿಗಳಿಗೆ ಸಂಶಯ ಬಂತು. ಇಂಥವನು ತಿರುಗಿ ಹೋಗದಿರಲೆಂದು, ನಾಡಿನಲ್ಲಿ ಬಿದ್ದಿರುವ ಹೆಣಗಳನ್ನೆಲ್ಲ ಸುಟ್ಟುಬಿಡಿ ಎಂದು ಅಪ್ಪಣೆ ಮಾಡಿದರು! ಹೊಸ ಮನೆಗೆ ಬಂದವರು ಮರಳದಿರಲೆಂದು ಹಿಂದಿನದನ್ನು ಅವಸರದಲ್ಲಿ ಸುಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅಮ್ಮನ ಹಳ್ಳಿಯ ಮನೆಯನ್ನು ಬಂದ ವಾರವೇ ಮಾರುವ ಮಾತು ನಮ್ಮಲ್ಲೂ ಎದ್ದಿತ್ತು. ಒಂದು ವರ್ಷ ಬೀಗ ಹಾಕಿಡೋಣ ಎಂದು ತಡೆದೆವು. ಹಿಂದಿರುಗುವ ಬಾಗಿಲಿದೆ ಎಂದು ಗೊತ್ತಿದ್ದುದರಿಂದಲೇ ಅಮ್ಮ ಹಿಂದಿರುಗದೆ ಉಳಿದರೋ ಏನೋ.

ನನ್ನ ಶಿಷ್ಯನೂ ಅದನ್ನೇ ಹೇಳಿದ. “ಹಳೇ ಡಿಸ್ಕನ್ನು ಮೂರು ತಿಂಗಳು ಹಾಗೇ ಇಟ್ಟಿರಿ ಟೀಚರ್. ಹೊಸದು ನೆಟ್ಟಗೆ ನಿಂತಿದೆ ಅಂತ ಖಾತ್ರಿಯಾದ ಮೇಲೆ ಅಳಿಸೋಣ.” ಎಸ್‌ಎಸ್‌ಡಿಯೂ ಅಮರವಲ್ಲ. ಹಳೆಯ ಡಿಸ್ಕು ಸಾಯುವ ಮೊದಲು ಎಷ್ಟೋ ಸಲ ಕಟಕಟ ಸದ್ದು ಮಾಡಿ ನರಳಿ ತಿಳಿಸುತ್ತದೆ. ಇದು ಸದ್ದಿಲ್ಲದೆ ಹೋಗಿಬಿಡಬಹುದು. ವರ್ಷಗಟ್ಟಲೆ ವಿದ್ಯುತ್ ಕಾಣಿಸದೆ ಮೂಲೆಯಲ್ಲಿಟ್ಟರೆ ಕೋಣೆಗಳೊಳಗಿನ ಕಣಗಳು ಸೋರಿ ನೆನಪು ಮಾಸಲೂಬಹುದು. ಆದ್ದರಿಂದ ಮುಖ್ಯವಾದುದನ್ನು ಇನ್ನೊಂದು ಕಡೆಯೂ ಇಟ್ಟುಕೊಳ್ಳುವುದು ಲೇಸು. ಅಳಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಹಾರ್ಡ್ ಡಿಸ್ಕಿನಲ್ಲಿ ಫೈಲು ಡಿಲೀಟ್ ಮಾಡಿದರೆ ಹೋಗುವುದು ಪರಿವಿಡಿಯ ಸಾಲು, ಪುಟ ಹೋಗುವುದಿಲ್ಲ. ಬಲ್ಲವರು ಮತ್ತೆ ಓದಬಹುದು. ಗುಜರಿಗೆ ಕೊಡುವ ಮೊದಲು ಇಡೀ ತಟ್ಟೆಯ ಮೇಲೆ ಬೇರೆ ಏನನ್ನಾದರೂ ತುಂಬಿ ಬರೆದು ಒರೆಸಬೇಕು.

ಅಂದ ಹಾಗೆ, ನಾವು ಅಷ್ಟು ಕಷ್ಟಪಟ್ಟು ಸಾಗಿಸಿದ ವಿಂಡೋಸ್ 10ಕ್ಕೆ ಅದನ್ನು ಮಾಡಿದವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬಿಡಾರ ಬದಲಿಸಿದೆವು, ಈಗ ಬಿಡಾರದೊಳಗಿನ ಯಜಮಾನನನ್ನೇ ಬದಲಿಸಬೇಕಾಗಿ ಬಂದಿದೆ. ಆಗ ಉಳಿಯುವುದು ಪ್ರಶ್ನೆಪತ್ರಿಕೆಗಳು, ಅಮ್ಮನ ಹಾಡು, ಮತ್ತು ಅವನ್ನು ಕೇಳುವ ನಾವು. ಅದು ಅದೇ ಲ್ಯಾಪ್‌ಟಾಪೇ ಎಂದು ಮತ್ತೆ ಯಾರಾದರೂ ವಾದಕ್ಕೆ ಕೂರಬಹುದು. ಅದರೊಳಗಿನ ಹಾಡಿಗೆ ಕಿವಿಗೊಡುವವರು ಇರುವತನಕ ನನ್ನ ಲೆಕ್ಕದಲ್ಲಿ ಅದು ಅದೇ.

ಮೂರು ತಿಂಗಳಾದ ಮೇಲೆ, ಒರೆಸಿದ ಹಳೆಯ ಡಿಸ್ಕನ್ನು ಬಿಚ್ಚಿಸಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಲು ಒಯ್ದೆ. ಕನ್ನಡಿಯಂಥ ತಟ್ಟೆ ಕೈಯಿಂದ ಕೈಗೆ ಹೋಯಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಟೀಚರ್, ಅಜ್ಜಿ ಹಾಡು ಇದರಲ್ಲಿ ಎಲ್ಲಿತ್ತು?” ಎಂದು ಕೇಳಿದಳು. ಬೆರಳಿಟ್ಟು ತೋರಿಸಲು ನನಗೊಂದು ಜಾಗ ಸಿಗಲಿಲ್ಲ. ಮನೆಗೆ ಬಾ, ಕೇಳಿಸುತ್ತೇನೆ ಎಂದೆ.